ಎರಡನೇ ಮಹಡಿಯ ಹಿಂಬಾಗಿಲು

ಯಾವುದೇ ದೊಡ್ಡ ಕಟ್ಟಡದೊಳಗೆ ಕಾಲಿಟ್ಟರೆ ನಾನು ಮೊದಲು ಮಾಡುವ ಕೆಲಸ, ಹಸಿರು ಫಲಕ ಎಲ್ಲಿದೆ ಎಂದು ಹುಡುಕುವುದು. ಎರಡನೆಯದು, ಅದರ ಕೆಳಗಿನ ಬಾಗಿಲನ್ನು ಕೈಯಾರೆ ದೂಡಿ ನೋಡುವುದು. ಕುಷ್ಟಗಿಯ ಒಂದು ಬ್ಯಾಂಕಿನಲ್ಲಿ ಹಾಗೆ ದೂಡುತ್ತಿದ್ದಾಗ ಅಲ್ಲಿನ ಜವಾನ ಓಡಿ ಬಂದು, “ಅಕ್ಕಾರ, ಸಂಡಾಸ ಆ ಕಡೆ ಐತ್ರಿ,” ಎಂದ. ಗಂಗಾವತಿಯಲ್ಲಿ ನಾದಿನಿಯ ಮಗನ ಮದುವೆಗೆ ಹೋದಾಗ, ಎಲ್ಲರೂ ಅಕ್ಕಿಕಾಳು ಹಿಡಿದು ನಿಂತ ಹೊತ್ತಿನಲ್ಲಿ, ನಾನು ಮಂಟಪದ ಹಿಂಬಾಗಿಲಿಗೆ ಅಡ್ಡ ಪೇರಿಸಿಟ್ಟ ಖುರ್ಚಿಗಳನ್ನು ಎತ್ತಿಸುತ್ತಿದ್ದೆ. ನಾದಿನಿ ಮೂರು ತಿಂಗಳು ಮಾತು ಬಿಟ್ಟಳು. ಬಿಡಲಿ. ಬಾಗಿಲು ತೆರೆದು ಆಚೆ ಬಯಲು ಕಂಡ ಮೇಲೆಯೇ ನನಗೆ ಎಲೆಯ ಮುಂದೆ ಕೂರಲು ಮನಸ್ಸಾಗುವುದು. ಮೊದಲು ನಾನು ಹೀಗಿರಲಿಲ್ಲ. ಹೀಗಾಗಿದ್ದು ಒಬ್ಬ ಮನುಷ್ಯನ ದೆಸೆಯಿಂದ, ಅವನನ್ನು ನಾನು ಹನ್ನೊಂದು ವರ್ಷ ಅಣ್ಣ ಎಂದು ಕರೆದಿದ್ದೆ.

ಕೊಪ್ಪಳದ ಬಜಾರಿನಲ್ಲಿ ಅವನದು ಬಟ್ಟೆ ಅಂಗಡಿ. ಕೆಳಗೆ ಗಂಡಸರ ಬಟ್ಟೆ, ಮೊದಲನೇ ಮಹಡಿಯಲ್ಲಿ ಮಕ್ಕಳದು, ಎರಡನೇ ಮಹಡಿಯಲ್ಲಿ ಸೀರೆ. ಮದುವೆ ಜವಳಿಗೆ ಬಂದವರೆಲ್ಲ ಮೇಲಕ್ಕೇ ಬರಬೇಕು. ಅಲ್ಲಿ ಗಾದಿ ಹಾಸಿ, ಮೇಲೆ ಬಿಳಿ ಚಾದರ ಬಿಗಿದು, ಸೀರೆ ಬಿಚ್ಚಿ ತೋರಿಸುವುದು ನನ್ನ ಕೆಲಸ. ನಾನಿರುವುದು ಗಿಣಿಗೇರಾದಲ್ಲಿ. ಗಂಡ ಅಲ್ಲೇ ಕಬ್ಬಿಣದ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಹೋಗುತ್ತಾನೆ. ಬೆಳಿಗ್ಗೆ ಅವನ ಡಬ್ಬಿ ಕಟ್ಟಿ, ನನ್ನ ಡಬ್ಬಿ ಕಟ್ಟಿ, ಮಕ್ಕಳನ್ನು ಶಾಲೆಗೆ ಕಳಿಸಿ, ಹೊಸಪೇಟೆ ಕಡೆಯಿಂದ ಬರುವ ಬಸ್ಸು ಹತ್ತಿದರೆ ಅಂಗಡಿಯ ಶಟರ್ ಏಳುವ ಹೊತ್ತಿಗೆ ಸರಿಯಾಗಿ ಮುಟ್ಟುತ್ತಿದ್ದೆ.

ನನಗೆ ಒಡಹುಟ್ಟಿದವರಿಲ್ಲ. ಮದುವೆಯಾದ ಎರಡು ವರ್ಷದೊಳಗೆ ಅಪ್ಪ ಅವ್ವ ಇಬ್ಬರೂ ಹೋದರು. ನಮ್ಮ ಕಡೆ ನಾಗರ ಪಂಚಮಿ ಬಂತೆಂದರೆ ಓಣಿಯ ಹೆಂಗಸರೆಲ್ಲ ಅಣ್ಣ ಬಂದ, ತಮ್ಮ ಬಂದ ಎಂದು ಗಂಟು ಕಟ್ಟಿಕೊಂಡು ತವರಿಗೆ ಹೊರಟುಬಿಡುತ್ತಾರೆ. ನಾನು ಹೊಸ್ತಿಲ ಮೇಲೆ ಕೂತು ಅವರನ್ನು ಕಳಿಸಿಕೊಡುವವಳು. ಅಂಗಡಿಗೆ ಸೇರಿದ ಮೊದಲ ವರ್ಷ, ಪಂಚಮಿಯ ಹಿಂದಿನ ದಿನ, ಸಾವ್ಕಾರ ನನ್ನನ್ನು ಕೆಳಗೆ ಕರೆಸಿದ. ಏನೋ ತಪ್ಪಾಗಿದೆ ಎಂದುಕೊಂಡು ಇಳಿದು ಹೋದೆ. ಗಲ್ಲಾದ ಪಕ್ಕ ಅವನ ಹೆಂಡತಿ ಒಂದು ತಾಟು ಹಿಡಿದು ನಿಂತಿದ್ದಳು. ಶೇಂಗಾ ಉಂಡಿ, ಎಳ್ಳುಂಡಿ, ಮೇಲೊಂದು ಕುಬಸದ ಖಣ. “ನಿನಗ ತವರಿಲ್ಲಂತ ಗೊತ್ತಾತವಾ. ಇನ್ ಮ್ಯಾಲೆ ಈ ಅಂಗಡೀನ ನಿನ್ನ ತವರಮನಿ ಅಂತ ತಿಳ್ಕೊ ತಂಗಿ,” ಎಂದ. ನನ್ನಂಥ ಬಾಯಿ ಜೋರಿನವಳೂ ಅವತ್ತು ಅತ್ತುಬಿಟ್ಟೆ. ಅಂದಿನಿಂದ ಅವನು ಅಣ್ಣ, ಅವಳು ವೈನಿ. ಪ್ರತಿ ಪಂಚಮಿಗೂ ಉಂಡಿ ಬಂತು, ಖಣ ಬಂತು. ಗಿಣಿಗೇರಾದ ಓಣಿಯಲ್ಲಿ ನಾನೂ ಆ ಖಣದ ಕುಬಸ ತೊಟ್ಟು, ನಮ್ಮ ಅಣ್ಣ ಕೊಟ್ಟಿದ್ದು ಎಂದು ಹೇಳಿಕೊಂಡು ಓಡಾಡಿದೆ.

ಎರಡನೇ ಮಹಡಿ ಕಟ್ಟಿಸಿದ ಮೇಲೆ ಬೆಂಕಿ ಇಲಾಖೆಯ ಪರವಾನಗಿ ಬೇಕಾಯಿತು. ಅದಕ್ಕಾಗಿ ಹಿಂದಿನ ಮೂಲೆಯಲ್ಲಿ ಬಾಗಿಲು ಒಡೆಸಿ, ಹೊರಗಿನಿಂದ ಕಬ್ಬಿಣದ ಮೆಟ್ಟಿಲು ಇಳಿಸಿದರು. ಇಳಿದರೆ ಹಿಂದಿನ ಸಂದಿ, ಸಂದಿ ದಾಟಿದರೆ ರಸ್ತೆ. ಬಾಗಿಲ ಮೇಲೆ ಹಸಿರು ಫಲಕ ಬಂತು. ತುರ್ತು ನಿರ್ಗಮನ ಎಂದು ಬರೆದು, ಓಡುವ ಮನುಷ್ಯನ ಚಿತ್ರ. ಕರೆಂಟು ಹೋದರೂ ಒಳಗಿನ ಬ್ಯಾಟರಿಯಿಂದ ಉರಿಯುತ್ತಿತ್ತು. ಗಿರಾಕಿಗಳ ಜೊತೆ ಬಂದ ಮಕ್ಕಳು, ಆ ಮನಷ್ಯಾ ಎಲ್ಲಿಗೆ ಓಡಾಕತ್ತಾನ ಎಂದು ಕೇಳಿದರೆ ನಾನು, “ಅವನ ಹೆಂಡ್ತಿ ರೇಷ್ಮಿ ಸೀರಿ ಬೇಕಂದಾಳ, ಅದಕ್ಕ ಓಡಾಕತ್ತಾನ,” ಎನ್ನುತ್ತಿದ್ದೆ. ಹೆಂಗಸರು ನಗುತ್ತಿದ್ದರು, ಗಂಡಸರು ಸುಮ್ಮನೆ ಗೋಡೆ ನೋಡುತ್ತಿದ್ದರು.

ಬೆಂಕಿ ಬಿದ್ದಾಗ ಮಹಡಿಯ ಜನರನ್ನು ಹೊರಗೆ ಕರೆದೊಯ್ಯಲು ಒಬ್ಬರು ಇರಬೇಕು ಎಂದು ಇಲಾಖೆಯ ಸಾಹೇಬರು ಹೇಳಿದ್ದರು. ಅಣ್ಣ ನನ್ನ ಹೆಸರು ಹೇಳಿದ. ಅವತ್ತು ಸಾಹೇಬರ ಮುಂದೆಯೇ ನಾನು ಅಂಗಡಿಯ ಹುಡುಗಿಯರನ್ನೆಲ್ಲ ಸಾಲು ಹಚ್ಚಿ ಹಿಂಬಾಗಿಲಿನಿಂದ ಇಳಿಸಿದೆ. ಕಬ್ಬಿಣದ ಮೆಟ್ಟಿಲು ಧಡಧಡ ಸದ್ದು ಮಾಡುತ್ತಿತ್ತು. ಹಿಂದಿನ ಸಂದಿಯಲ್ಲಿ ಪಾತ್ರೆ ತಿಕ್ಕುತ್ತಿದ್ದ ಮುದುಕಿಯೊಬ್ಬಳು, ಮ್ಯಾಲಿಂದ ಇಷ್ಟ್ ಮಂದಿ ಯಾಕ ಉದುರಾಕತ್ತಾರವಾ ಎಂದು ಬೈದಳು. ಆಮೇಲೂ ಎಷ್ಟೋ ಸಲ ಚಹಾ ತರಲು ಆ ಮೆಟ್ಟಿಲನ್ನೇ ಇಳಿದಿದ್ದೇನೆ. ಅದು ಸುಳ್ಳು ಬಾಗಿಲಾಗಿರಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಆಮೇಲೆ ನನ್ನನ್ನು ಕೇಳಿದವರು ಬಹಳ ಮಂದಿ.

ನಾಲ್ಕೈದು ವರ್ಷದ ಹಿಂದೆ ವ್ಯಾಪಾರ ಸ್ವಲ್ಪ ಇಳಿಯಿತು. ಎದುರಿಗೇ ಇನ್ನೊಂದು ದೊಡ್ಡ ಅಂಗಡಿ ಎದ್ದಿತ್ತು, ಇಳಿಯದೆ ಏನಾದೀತು? ಅಣ್ಣ ಮಾತ್ರ ವಾಸ್ತು ಹೇಳುವವರನ್ನು ಕರೆಸಿದ. ಅವರು ದಿಕ್ಕು ತೋರಿಸುವ ಯಂತ್ರ ಹಿಡಿದುಕೊಂಡು ಮೂರೂ ಮಹಡಿ ಸುತ್ತಿದರು. ನಮ್ಮ ಹಿಂಬಾಗಿಲ ಮುಂದೆ ಬಹಳ ಹೊತ್ತು ನಿಂತರು. ಚಹಾ ಕೊಡಲು ಹೋದಾಗ ಒಂದಿಷ್ಟು ಮಾತು ನನ್ನ ಕಿವಿಗೂ ಬಿತ್ತು. ನೈಋತ್ಯದಲ್ಲಿ ಬಾಗಿಲು ತೆರೆದಿದ್ದರೆ ಲಕ್ಷ್ಮಿ ನಿಲ್ಲುವುದಿಲ್ಲ ಎನ್ನುತ್ತಿದ್ದರು. ನಮ್ಮ ಕಡೆ ಇಂಥದ್ದು ಹೊಸ ಮಾತೇನಲ್ಲ. ನಮ್ಮ ಮನೆಯಲ್ಲೂ ಒಲೆಯನ್ನು ಎರಡು ಸಲ ಎತ್ತಿ ಇಟ್ಟಿದ್ದೇವೆ. ನಾನು ಚಹಾದ ಕಪ್ಪು-ಬಸಿ ಎತ್ತಿಕೊಂಡು ಬಂದೆ.

ಅದಾದ ಮೇಲಿನ ಅಮಾವಾಸ್ಯೆಗೆ ಅಂಗಡಿ ರಜೆ ಇತ್ತು. ಮರುದಿನ ಹೋದರೆ ಹಿಂಬಾಗಿಲಿಗೆ ಹೊಸ ಬಣ್ಣ ಹೊಡೆದಿತ್ತು, ದೊಡ್ಡದೊಂದು ಬೀಗ ಬಿದ್ದಿತ್ತು. ನೆಲದ ಮೇಲೆ ಸಿಮೆಂಟಿನ ಪುಡಿ. ಕಸಬರಿಗೆ ಹಿಡಿದೇ ಕೆಳಗಿಳಿದು ಹೋಗಿ ಅಣ್ಣನನ್ನು ಕೇಳಿದೆ.

“ಬಾಗಲಕ್ಕ ಕೀಲಿ ಯಾಕ ಹಾಕೀರಿ ಅಣ್ಣಾರ?”

“ಕಳ್ಳರ ಕಾಟ ತಂಗಿ. ಮೊನ್ನೆ ಹಿಂದಿನ ಸಂದ್ಯಾಗ ಯಾರೋ ಹತ್ತಿ ಬಂದಿದ್ರಂತ. ಚೌಕಟ್ಟು ಗಟ್ಟಿ ಮಾಡ್ಸಿ ಕೀಲಿ ಹಾಕ್ಸೀನಿ. ಕೀಲಿಕೈ ಗಲ್ಲಾದಾಗ ಐತಿ, ಬೇಕಾದಾಗ ತಗೊ.”

ನನ್ನ ಮುಖ ನೋಡಿಕೊಂಡೇ ಹೇಳಿದ. ಕೈಯಲ್ಲಿ ಊದಿನಕಡ್ಡಿ ಹಿಡಿದಿದ್ದ, ದೇವರ ಪಟಕ್ಕೆ ಬೆಳಗುತ್ತಲೇ ಹೇಳಿದ. ನಾನು ನಂಬಿದೆ. ಚಹಾದವನೇ ಮೇಲಕ್ಕೆ ತಂದು ಕೊಡುವಂತಾಗಿದ್ದರಿಂದ ನನಗೆ ಆ ಬಾಗಿಲಿನ ಕೆಲಸವೂ ಬೀಳಲಿಲ್ಲ. ಫಲಕದ ಧೂಳು ಮಾತ್ರ ವಾರಕ್ಕೊಮ್ಮೆ ಒರೆಸುತ್ತಿದ್ದೆ.

ಈ ವಿಷಯ ಮನೆಯಲ್ಲಿ ಹೇಳಿದಾಗ ಗಂಡ ಊಟ ನಿಲ್ಲಿಸಿದ. ಅವರ ಫ್ಯಾಕ್ಟರಿಯಲ್ಲಿ ಇದೆಲ್ಲ ಬಲು ಕಟ್ಟುನಿಟ್ಟು. ಸೈರನ್ ಕೂಗಿದರೆ ಎಲ್ಲಿ ಹೋಗಿ ನಿಲ್ಲಬೇಕು, ಹೊಗೆ ತುಂಬಿದರೆ ಹೇಗೆ ನೆಲಕ್ಕೆ ಬಗ್ಗಿ ಹೋಗಬೇಕು, ಬಾಯಿಗೆ ಹಸಿ ಬಟ್ಟೆ ಹೇಗೆ ಕಟ್ಟಬೇಕು ಎಂದು ಅವರಿಗೆ ಮಾಡಿಸಿ ತೋರಿಸುತ್ತಾರೆ.

“ಕೀಲಿ ಹಾಕಿದ ಮ್ಯಾಲೆ ಒಮ್ಮೆರ ತೆಗದು ಇಳದೀಯೇನು?” ಎಂದು ಕೇಳಿದ.

“ಇಲ್ಲ.”

“ಮತ್ತ ಅದು ಬಾಗಲಾ ಅಂತ ಹೆಂಗ ಹೇಳ್ತಿ?”

ನನಗೆ ಸಿಟ್ಟು ನೆತ್ತಿಗೇರಿತು. “ನಿಮ್ಮ ಫ್ಯಾಕ್ಟರಿ ಬ್ಯಾರೆ, ನಮ್ಮ ಅಣ್ಣನ ಅಂಗಡಿ ಬ್ಯಾರೆ. ಹೊಟ್ಟಿಕಿಚ್ಚು ಪಡಬ್ಯಾಡ್ರಿ, ನಂಗೂ ಒಂದ್ ತವರೈತಿ,” ಎಂದೆ. ಅವನು ಮತ್ತೆ ರೊಟ್ಟಿ ಮುರಿದುಕೊಂಡ. ಆ ಮಾತನ್ನು ನೆನೆದರೆ ಈಗಲೂ ನಾಲಿಗೆ ಕಚ್ಚಿಕೊಳ್ಳಬೇಕೆನಿಸುತ್ತದೆ.

ಪರವಾನಗಿ ಹೊಸದು ಮಾಡಿಕೊಡಲು ಸಾಹೇಬರು ಬಂದರೆ ಮೇಲಿನ ಮಹಡಿ ತೋರಿಸುವುದು ನನ್ನ ಪಾಲಿಗೇ ಬರುತ್ತಿತ್ತು. ಒಂದು ಸಲ ಬಂದವರು ಬಾಗಿಲು ತೆಗೆಸಿ ಎಂದರು. ಅಣ್ಣ, “ಕೀಲಿಕೈ ನಮ್ಮ ತಮ್ಮನ ಕಡೆ ಐತ್ರಿ, ಅವ ಕಾರಟಗಿಗೆ ಹೋಗ್ಯಾನ,” ಎಂದ. ಗಲ್ಲಾದಲ್ಲಿದೆ ಎಂದು ನಾನು ತಿಳಿದಿದ್ದೆ. ತಮ್ಮ ಒಯ್ದಿರಬೇಕು ಎಂದುಕೊಂಡೆ. ಸಾಹೇಬರು ನನ್ನ ಕಡೆ ತಿರುಗಿ, “ನೀವು ಹೇಳ್ರಿ ಅಕ್ಕಾರ, ಇದು ತೆಗೀತೈತೇನ್ರಿ?” ಎಂದು ಕೇಳಿದರು.

“ತೆಗೀತೈತ್ರಿ ಸಾಹೇಬ್ರ. ನಾನ ಎಷ್ಟೋ ಸಲ ಇಳದೀನ್ರಿ,” ಎಂದೆ.

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಕಾಗದದ ಮೇಲೆ ಗುರುತು ಹಾಕಿಕೊಂಡರು. ಅಣ್ಣ ಅವತ್ತು ನನಗೂ ಮಾವಿನ ರಸದ ಬಾಟಲಿ ತರಿಸಿ ಕೊಟ್ಟ.

ಯುಗಾದಿ ಮುಗಿದು ಮದುವೆಯ ಗಡಿಬಿಡಿ ಶುರುವಾಗಿತ್ತು. ಒಂದು ಮಧ್ಯಾಹ್ನ ಯಲಬುರ್ಗಾದಿಂದ ಒಂದು ಮನೆಯವರು ಜವಳಿಗೆ ಬಂದರು. ಮದುಮಗಳು, ಅವಳ ತಾಯಿ, ಚಿಗವ್ವ, ಕಾಕಾ, ಮತ್ತೆ ಮದುಮಗಳ ಆಯಿ. ಆಯಿಗೆ ಮೊಣಕಾಲು ಬಗ್ಗುತ್ತಿರಲಿಲ್ಲ. ಎರಡು ಮಹಡಿ ಹತ್ತಲು ಅರ್ಧ ತಾಸು ಹಿಡಿಯಿತು. ಹತ್ತಿ ಬಂದವಳೇ ಗಾದಿಯ ಮೇಲೆ ಕಾಲು ಚಾಚಿ ಕೂತು, “ಮೊಮ್ಮಗಳ ಸೀರಿ ನಾನ ಆರಸ್ತೀನಿ. ಇವರಿಗೇನ್ ತಿಳಿತೈತಿ?” ಎಂದಳು. ನನಗೆ ಅವಳು ಬಹಳ ಹಿಡಿಸಿದಳು. ಮೂವತ್ತು ಸೀರೆ ಬಿಚ್ಚಿಸಿದಳು. ಒಂದು ಸೀರೆಯ ಜರಿಯನ್ನು ಉಗುರಿನಿಂದ ಗೀರಿ, “ಇದು ಛಲೋ ಐತೇನವಾ ಖರೇನ?” ಎಂದು ನನ್ನನ್ನು ಕೇಳಿದಳು. ಅದು ಅಷ್ಟು ಛಲೋ ಇರಲಿಲ್ಲ. “ಬ್ಯಾಡಬೇ ಆಯಿ, ಇದು ಎರಡ ಸಲ ಒಗದ್ರ ಕಪ್ಪಾಗ್ತೈತಿ,” ಎಂದೆ. ಅವಳು ಮದುಮಗಳ ಕಡೆ ತಿರುಗಿ, “ನೋಡು, ಈಕಿ ಖರೇ ಹೇಳ್ತಾಳ. ಈಕಿ ಹೇಳಿದ್ದನ್ನ ತಗೊಳ್ಳೂಣು,” ಎಂದಳು.

ಆ ಹೊತ್ತಿಗೆ ಫ್ಯಾನು ನಿಂತಿತು. ಕರೆಂಟು ಹೋಯಿತು ಎಂದುಕೊಂಡೆವು. ಹೋದರೆ ಇನ್ವರ್ಟರ್ ಹತ್ತಬೇಕು, ಹತ್ತಲಿಲ್ಲ. ಆಮೇಲೆ ಸುಟ್ಟ ರಬ್ಬರಿನ ವಾಸನೆ ಬಂತು. ಮುಂದಿನ ಮೆಟ್ಟಿಲ ಕೆಳಗೆ ಇನ್ವರ್ಟರಿನ ಬ್ಯಾಟರಿಗಳನ್ನಿಟ್ಟಿದ್ದರು, ಅಲ್ಲಿಂದಲೇ ಬೆಂಕಿ ಎದ್ದಿದ್ದು ಎಂದು ಆಮೇಲೆ ಗೊತ್ತಾಯಿತು. ಮೆಟ್ಟಿಲಿನ ಬಾಯಿಯಿಂದ ಕಪ್ಪು ಹೊಗೆ ಮೆಲ್ಲಗೆ ಮೇಲಕ್ಕೆ ಬರತೊಡಗಿತು. ಕೆಳಗೆ ಯಾರೋ ಕೂಗುತ್ತಿದ್ದರು. ಕಿಟಕಿಗಳಿಗೆಲ್ಲ ಹೊರಗಿನಿಂದ ದೊಡ್ಡ ಜಾಹೀರಾತಿನ ತಗಡು ಬಡಿದಿದ್ದರಿಂದ ನಮ್ಮ ಮಹಡಿ ಕತ್ತಲಾಯಿತು. ಹಿಂದಿನ ಮೂಲೆಯಲ್ಲಿ ಹಸಿರು ಫಲಕವೊಂದೇ ಉರಿಯುತ್ತಿತ್ತು.

ನನಗೆ ಅಂಜಿಕೆಯಾಗಲಿಲ್ಲ. ಇದಕ್ಕಾಗಿಯೇ ನನ್ನನ್ನು ಇಟ್ಟಿದ್ದಾರೆ ಎಂಬ ಧೈರ್ಯವಿತ್ತು. ಎರಡು ಸಲ ಜೋರಾಗಿ ಚಪ್ಪಾಳೆ ತಟ್ಟಿ, “ಯಾರೂ ಗಾಬರಿ ಆಗಬ್ಯಾಡ್ರಿ. ಹಿಂದ ಬಾಗಲಾ ಐತಿ. ನನ್ನ ಬೆನ್ನ ಹಿಂದ ಬರ್ರಿ,” ಎಂದೆ. ನಮ್ಮ ಮಹಡಿಯಲ್ಲಿ ಆಗ ಆ ಮನೆಯ ಐದು ಮಂದಿ, ನಾನು, ಸೀರೆ ತೋರಿಸುವ ಇಬ್ಬರು ಹುಡುಗಿಯರು, ಮತ್ತೆ ಅಣ್ಣನ ಮಗಳು ಇದ್ದೆವು. ಅವಳು ಕಾಲೇಜು ಓದುವವಳು, ರಜೆಯಲ್ಲಿ ಬಂದು ಮೇಲಿನ ಗಲ್ಲಾದಲ್ಲಿ ಕೂರುತ್ತಿದ್ದಳು. ಕಾಕಾ ಒಂದು ಕಡೆ, ನಾನು ಒಂದು ಕಡೆ ಆಯಿಯ ತೋಳಿಗೆ ಭುಜ ಕೊಟ್ಟು ಎಬ್ಬಿಸಿದೆವು. ಎಲ್ಲರೂ ನನ್ನ ಹಿಂದೆ ಬಂದರು. ಅಣ್ಣನ ಮಗಳು ಮಾತ್ರ ಮುಂದಿನ ಮೆಟ್ಟಿಲಿನ ಕಡೆ, ಹೊಗೆಯ ಕಡೆ ಓಡಿದಳು.

“ಏ, ಆ ಕಡೆ ಬ್ಯಾಡ ನನ್ನವ್ವಾ, ಈ ಕಡೆ ಬಾ,” ಎಂದು ಕೂಗಿದೆ.

ಅವಳು ಮೆಟ್ಟಿಲಿನ ಬಾಯಲ್ಲಿ ನಿಂತು ತಿರುಗಿ ನನ್ನನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಆಮೇಲೆ ದುಪಟ್ಟಾದಿಂದ ಮೂಗು ಮುಚ್ಚಿಕೊಂಡು ಇಳಿದುಹೋದಳು. ಕೂಸು ಅಂಜಿ ದಿಕ್ಕು ತಪ್ಪಿತು ಎಂದುಕೊಂಡೆ. ಅವಳ ಹಿಂದೆ ಓಡೋಣವೆಂದರೆ ಆಯಿಯ ಭಾರ ನನ್ನ ಹೆಗಲ ಮೇಲಿತ್ತು.

ಕೀಲಿಕೈ ಕೆಳಗಿನ ಗಲ್ಲಾದಲ್ಲಿತ್ತು. ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಎತ್ತಿ ಕಾಕಾನ ಕೈಗೆ ಕೊಟ್ಟೆ. ಅವನು ಕೀಲಿಯ ಮೇಲೆ ಎತ್ತೆತ್ತಿ ಹಾಕಿದ. ನಾಲ್ಕನೇ ಏಟಿಗೋ ಐದನೇ ಏಟಿಗೋ ಕೊಂಡಿ ಕಿತ್ತು ಬಂತು. ಬಾಗಿಲನ್ನು ಒಳಗೆ ಎಳೆದೆ.

ಎದುರಿಗೆ ಗೋಡೆಯಿತ್ತು. ಸಿಮೆಂಟ್ ಇಟ್ಟಿಗೆಯ ಗೋಡೆ, ಚೌಕಟ್ಟಿನ ತುಂಬ, ಮೇಲಿನಿಂದ ಕೆಳಗಿನ ತನಕ. ಇಟ್ಟಿಗೆಗಳ ನಡುವೆ ಒತ್ತಿದ ಗಾರೆ ಹೊರಗೆ ಉಕ್ಕಿ ಹಾಗೇ ಒಣಗಿತ್ತು. ಯಾರಿಗೂ ಕಾಣುವುದಿಲ್ಲ ಎಂದು ಗೌಂಡಿ ಗಿಲಾವು ಸಹ ಮಾಡಿರಲಿಲ್ಲ. ನಾನು ಎರಡೂ ಕೈಯಿಂದ ಅದನ್ನು ಸವರಿದೆ, ಎಲ್ಲಾದರೂ ಸಂದು ಇರಬಹುದೆಂದು. ಕಾಕಾ ಸಿಲಿಂಡರಿನಿಂದ ಕುಟ್ಟಿದ, ಚೂರು ಸಿಮೆಂಟು ಉದುರಿತು, ಅಷ್ಟೇ. ನನ್ನ ಹಿಂದೆ ಮದುಮಗಳ ತಾಯಿ ಕೇಳಿದಳು, “ಬಾಗಲಾ ಐತಿ ಅಂದ್ರಲ್ರಿ?”

ತಿರುಗಿ ನೋಡಿದೆ. ಯಾರೂ ಗೋಡೆಯನ್ನು ನೋಡುತ್ತಿರಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹಸಿರು ಬೆಳಕಿನಲ್ಲಿ ಅವರ ಮುಖ ಕಂಡಿದ್ದು ನನಗೆ ಇನ್ನೂ ಮರೆಯಲಾಗಿಲ್ಲ.

ಅಲ್ಲಿಂದ ಮುಂದೆ, ಗಂಡ ಊಟಕ್ಕೆ ಕೂತಾಗ ಹೇಳುತ್ತಿದ್ದ ಮಾತುಗಳೇ ನನ್ನನ್ನು ನಡೆಸಿದವು. ಕುಡಿಯುವ ನೀರಿನ ಕ್ಯಾನು ಕೆಡವಿ, ಕೈಗೆ ಸಿಕ್ಕ ಸೀರೆಗಳನ್ನು ತೋಯಿಸಿ ಎಲ್ಲರ ಮೂಗು ಬಾಯಿಗೆ ಕಟ್ಟಿಸಿದೆ. ಗಾದಿಯ ಚಾದರ ಎಳೆದು ನೆಲಕ್ಕೆ ಹಾಸಿ ಆಯಿಯನ್ನು ಅದರ ಮೇಲೆ ಮಲಗಿಸಿದೆವು. ನಾಲ್ಕು ಮೂಲೆ ನಾಲ್ವರು ಹಿಡಿದು, ನೆಲಕ್ಕೆ ಹೊಟ್ಟೆ ಹಚ್ಚಿದಂತೆ ಬಗ್ಗಿ, ಅವಳನ್ನು ಎಳೆಯುತ್ತ ಮುಂದಿನ ಮೆಟ್ಟಿಲಿಗೆ ಬಂದೆವು. ಅಣ್ಣನ ಮಗಳು ಇಳಿದಾಗ ಅಲ್ಲಿ ಹೊಗೆ ಇನ್ನೂ ತೆಳ್ಳಗಿತ್ತು. ನಾವು ಬಂದಾಗ ಕಣ್ಣೆದುರಿನ ಕೈ ಕಾಣುತ್ತಿರಲಿಲ್ಲ. ಒಂದೊಂದು ಮೆಟ್ಟಿಲಿಗೂ ಆಯಿಯ ತಲೆ ಕುಲುಕುತ್ತಿತ್ತು. ಮೊದಲ ಮಹಡಿಯ ತನಕ ಅವಳು ಕೆಮ್ಮುತ್ತಿದ್ದಳು, ಆಮೇಲೆ ಕೆಮ್ಮು ನಿಂತಿತು. ಕೆಳಗೆ ಜನ ಓಡಿ ಬಂದು ನಮ್ಮನ್ನು ಹೊರಗೆ ಎಳೆದುಕೊಂಡರು.

ರಸ್ತೆಯ ಆಚೆ ಬದಿಯಲ್ಲಿ ಅಣ್ಣ ಮಗಳನ್ನು ತಬ್ಬಿಕೊಂಡು ಅಳುತ್ತಿದ್ದ. ಅವಳಿಗೆ ಏನೂ ಆಗಿರಲಿಲ್ಲ. ದೇವರು ದೊಡ್ಡವನು ಎಂದುಕೊಂಡೆ, ನಿಜವಾಗಿ ಹಾಗೇ ಅಂದುಕೊಂಡೆ. ಅವನು ನನ್ನನ್ನು ನೋಡಿದ. ನೋಡಿ ಮುಖ ತಿರುಗಿಸಿದ.

ಬೆಂಕಿಯ ಗಾಡಿ ಬಂದು ಬೇಗನೇ ಆರಿಸಿತು. ಸುಟ್ಟಿದ್ದು ಮೆಟ್ಟಿಲ ಕೆಳಗಿನ ಗೂಡು ಮಾತ್ರ. ಆಯಿ ಬದುಕಿದಳು, ಆದರೆ ಶ್ವಾಸಕೋಶಕ್ಕೆ ಹೊಗೆ ಹೊಕ್ಕಿತ್ತು. ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಹಾಕಿ ಮಲಗಿಸಿದರು. ಮದುವೆ ಮುಂದೆ ಹೋಯಿತು. ಮೂರನೇ ದಿನ ನಾನು ಗಂಜಿ ಮಾಡಿಕೊಂಡು ನೋಡಲು ಹೋದೆ. ಮದುಮಗಳು ಬಾಗಿಲಲ್ಲೇ ನಿಲ್ಲಿಸಿದಳು.

“ಅಕ್ಕಾರ, ಒಂದು ಕೇಳ್ತೀನಿ. ಅಲ್ಲಿ ಗ್ವಾಡಿ ಇದ್ದದ್ದು ನಿಮಗ ಗೊತ್ತಿತ್ತಂತ, ಹೌದೇನ್ರಿ?”

“ಯಾರ್ ಹಂಗಂದ್ರು?”

“ನಿಮ್ಮ ಸಾವ್ಕಾರ್ರ ಮುಂಜಾನೆ ಬಂದಿದ್ರು. ‘ಗ್ವಾಡಿ ಕಟ್ಸಿದ್ದು ಅಂಗಡ್ಯಾಗ ಎಲ್ಲಾರಿಗೂ ಹೇಳಿದ್ದೆ, ಆಕಿ ಗಾಬರ್ಯಾಗಿ ಮರತು ನಿಮ್ಮನ್ನ ಅಲ್ಲಿಗೆ ಕರಕೊಂಡು ಹೋಗ್ಯಾಳ’ ಅಂದ್ರು.”

ಕಿವಿಯಲ್ಲಿ ಕಾದ ಎಣ್ಣೆ ಹೊಯ್ದ ಹಾಗಾಯಿತು. ಇಲ್ಲವಾ, ನನಗ ಗೊತ್ತಿರಲಿಲ್ಲ ಎಂದೆ. ನನ್ನ ಮಕ್ಕಳಾಣೆ ಎಂದೆ. ಅವಳು ನನ್ನ ಕೈಯಲ್ಲಿದ್ದ ಗಂಜಿಯ ಡಬ್ಬಿಯನ್ನು ನೋಡಿದಳು, ತೆಗೆದುಕೊಳ್ಳಲಿಲ್ಲ. “ಹೋಗಿ ಬರ್ರಿ ಅಕ್ಕಾರ, ಆಯಿ ಮಲಗ್ಯಾಳ,” ಎಂದು ಬಾಗಿಲು ಮುಂದೆ ಮಾಡಿದಳು. ಬಸ್ಸಿನಲ್ಲಿ ಗಿಣಿಗೇರಾದ ತನಕ ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ.

ನನಗೆ ಆದದ್ದಕ್ಕೆ ಮೋಸ ಎಂಬುದು ಸಣ್ಣ ಮಾತು. ಗೋಡೆ ಕಟ್ಟಿಸಿದ್ದನ್ನು ಹೇಗೋ ನುಂಗಿಕೊಳ್ಳುತ್ತಿದ್ದೆನೋ ಏನೋ. ವಾಸ್ತು, ಲಕ್ಷ್ಮಿ, ಅಂಜಿಕೆ, ಎಲ್ಲರ ಮನೆಯಲ್ಲೂ ಇರುತ್ತದೆ. ಆದರೆ ಆ ಗೋಡೆಯನ್ನು ತಂದು ನನ್ನ ತಲೆಗೆ ಕಟ್ಟಿದನಲ್ಲ. ಯಲಬುರ್ಗಾದ ಆ ಮನೆಯಲ್ಲಿ ನಾನು ಗೊತ್ತಿದ್ದೂ ಮುದುಕಿಯನ್ನು ಹೊಗೆಗೆ ಕೊಟ್ಟವಳು ಎಂದಾಯಿತು. ಅಂಗಡಿಗೆ ಹೋಗುವುದು ಬಿಟ್ಟೆ. ಗಂಡ ಒಂದು ಮಾತೂ ಎತ್ತಿ ಆಡಲಿಲ್ಲ. ನಾನು ಹೇಳಿರಲಿಲ್ಲವೇ ಎಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಆ ಪುಣ್ಯಾತ್ಮ ಅದನ್ನೂ ಕೊಡಲಿಲ್ಲ.

ವಿಚಾರಣೆ ಶುರುವಾಯಿತು ಎಂದು ಸುದ್ದಿ ಬಂತು. ಪಂಚಮಿಯ ಹಿಂದಿನ ದಿನ ನಮ್ಮ ಓಣಿಗೆ ಕಾರು ಬಂತು. ವೈನಿ ಇಳಿದಳು. ಕೈಯಲ್ಲಿ ಅದೇ ತಾಟು. ಉಂಡಿ, ಖಣ, ಈ ಸಲ ಜೊತೆಗೊಂದು ಇಳಕಲ್ ಸೀರೆಯೂ ಇತ್ತು. ಸೀರೆಯ ಮಡಿಕೆಯೊಳಗೆ ಟೈಪು ಮಾಡಿದ ಕಾಗದ. ಹಿಂಬಾಗಿಲು ಮುಚ್ಚಿದ ಸಂಗತಿಯನ್ನು ಮಾಲೀಕರು ನನಗೆ ಮೊದಲೇ ತಿಳಿಸಿದ್ದರು ಎಂದು ಬರೆದಿತ್ತು, ಕೆಳಗೆ ನನ್ನ ಸಹಿಗೆ ಜಾಗ ಬಿಟ್ಟಿತ್ತು.

“ಒಂದು ಸೈ ಹಾಕವಾ. ನಿನಗೇನೂ ಆಗಂಗಿಲ್ಲ, ಮರತಿದ್ಲು ಅಂತಾರ, ಬಿಡ್ತಾರ. ನಿಮ್ಮ ಅಣ್ಣ ಒಳಗ ಹೋದ್ರ ನಾವು ಮುಳುಗಿದ್ವಿ,” ಎಂದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅವಳ ಮೇಲೆ ನನಗೆ ಕರುಣೆಯೇ ಬಂತು. ನೀರು ಕೊಟ್ಟೆ. ಅವಳು ಕುಡಿಯುತ್ತಿದ್ದಾಗ ಮೆಟ್ಟಿಲಿನ ಬಾಯಲ್ಲಿ ತಿರುಗಿ ನೋಡಿದ ಆ ಹುಡುಗಿಯ ಮುಖ ನನಗೆ ನೆನಪಾಯಿತು. ಯಾಕೆ ಕೇಳಿದೆನೋ, ಕೇಳಿಬಿಟ್ಟೆ.

“ವೈನಿ, ನಿಮ್ಮ ಮಗಳಿಗೆ ಯಾವಾಗ ಹೇಳಿದ್ರಿ?”

“ಏನ?”

“ಗ್ವಾಡಿ ಕಟ್ಸಿದ್ದು.”

“ಕಟ್ಸಿದ ದಿನಾ ಸಂಜೀಕೇ ಹೇಳಿದ್ವಿ. ಕೂಸು ಮ್ಯಾಲೆ ಕುಂತಿರ್ತೈತಿ, ಏನರ ಆದ್ರ ಹಿಂದ ಹೋಗಬ್ಯಾಡ, ಮುಂದಿನ ಪಾವಟಿಗಿಲೆ ಲಗೂನ ಇಳದು ಬಾ ಅಂತ...” ಅಷ್ಟಕ್ಕೆ ನಿಲ್ಲಿಸಿದಳು. ಲೋಟ ಕೆಳಗಿಟ್ಟಳು.

“ನನಗ ಯಾಕ ಹೇಳ್ಲಿಲ್ರಿ?”

ಕೆಟ್ಟ ಹೆಂಗಸಲ್ಲ ಅವಳು, ಸುಳ್ಳು ಹುಡುಕಲು ಅವಳಿಗೆ ಆಗಲಿಲ್ಲ. “ನಾನು ಅಂದಿದ್ದೆ ಅವ್ರಿಗೆ, ತಂಗಿಗೂ ಒಂದ್ ಮಾತು ಹೇಳ್ರಿ ಅಂತ. ‘ಬ್ಯಾಡ. ಆಕಿ ಮಾರಿ ಮ್ಯಾಲೆ ಸುಳ್ಳು ನಿಲ್ಲಂಗಿಲ್ಲ. ಗೊತ್ತಾದ್ರ ಸಾಹೇಬ್ರ ಮುಂದ ತೊದಲ್ತಾಳ. ಆಕಿಗೆ ಗೊತ್ತಿಲ್ದಂಗ ಇರ್ಲಿ, ಆಗ ಬಾಗಲಾ ಐತಿ ಅಂತ ಛಲೋ ಹೇಳ್ತಾಳ’ ಅಂದ್ರು,” ಎಂದಳು.

ಅವನು ನನಗೆ ಹೇಳಲು ಮರೆತಿರಲಿಲ್ಲ. ಕೂತು ಯೋಚನೆ ಮಾಡಿ, ಹೆಂಡತಿಯ ಜೊತೆ ಮಾತಾಡಿ, ನನಗೆ ಹೇಳುವುದು ಬೇಡ ಎಂದು ತೀರ್ಮಾನಿಸಿದ್ದ. ಮರುದಿನ ಊದಿನಕಡ್ಡಿ ಬೆಳಗುತ್ತ ಕಳ್ಳರ ಕಥೆ ಹೇಳಿದ್ದ. ಅದಾದ ಮೇಲೂ ಪಂಚಮಿಗೆ ನನ್ನನ್ನು ಕರೆದು ಉಂಡಿ ಕೊಟ್ಟಿದ್ದ. ಬೆಂಕಿ ಬಿದ್ದರೆ ಮಗಳು ಎಲ್ಲಿ ಓಡಬೇಕೆಂದು ಅವನಿಗೆ ಗೊತ್ತಿತ್ತು, ತಂಗಿ ಎಲ್ಲಿ ಹೋಗಿ ನಿಲ್ಲುತ್ತಾಳೆಂದೂ ಗೊತ್ತಿತ್ತು. ನನಗೆ ಮಕ್ಕಳಿಲ್ಲವೇ? ಸಂಜೆ ಬಸ್ಸಿಗೆ ದಾರಿ ಕಾಯುವವರು ಇಲ್ಲವೇ? ಅತ್ತಿದ್ದರೆ ಚೆನ್ನಾಗಿತ್ತು, ಅಳು ಬರಲಿಲ್ಲ.

ತಾಟನ್ನು ಎತ್ತಿ ವೈನಿಯ ಕೈಗೆ ಕೊಟ್ಟೆ. “ಸೈ ಹಾಕಂಗಿಲ್ಲ ವೈನಿ. ನೀವು ಈಗ ಹೇಳಿದ್ದನ್ನ ವಿಚಾರಣ್ಯಾಗ ನಾನು ಹೇಳಾಕಿ. ನಿಮ್ಮ ಹೆಸರೂ ಬರತೈತಿ, ಸಿಟ್ಟಾಗಬ್ಯಾಡ್ರಿ,” ಎಂದೆ. ಅವಳು ತಾಟು ಹಿಡಿದು ಎದ್ದು ಹೋದಳು. ಮುಂದಿನ ವಾರ ಕಚೇರಿಗೆ ಹೋಗಿ ಎಲ್ಲ ಬರೆಸಿದೆ. ಬರೆದುಕೊಂಡವರು ತಲೆ ಎತ್ತದೆ, ಆ ಬಾಗಿಲು ತೆಗೆಯುತ್ತದೆ ಎಂದು ನಮ್ಮ ಸಾಹೇಬರಿಗೆ ನೀವೇ ಹೇಳಿದ್ದಿರಂತೆ ಎಂದು ಕೇಳಿದರು. ಹೌದು, ನಾನೇ ಹೇಳಿದ್ದೆ ಎಂದೆ. ಅದನ್ನೂ ಬರೆದುಕೊಂಡರು. ವಿಚಾರಣೆ ಇನ್ನೂ ನಡೆದಿದೆ.

ಕಚೇರಿಯವರು ನಂಬಲಿ ಬಿಡಲಿ, ನನಗೆ ಬೇಕಾಗಿದ್ದದ್ದು ಯಲಬುರ್ಗಾದ ಆ ಮನೆ. ಆಯಿ ಮನೆಗೆ ಬಂದಿದ್ದಾಳೆ ಎಂದು ತಿಳಿದ ಮೇಲೆ ಒಂದು ದಿನ ಕುಕನೂರಿನ ಮೇಲೆ ಹೋಗುವ ಬಸ್ಸು ಹತ್ತಿದೆ. ಗಂಡ ನಾನೂ ಬರಲೇ ಎಂದ, ಬೇಡ ಎಂದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಹೇಳಿಕೊಂಡು ಹೋದೆ. ಬಾಗಿಲು ತೆರೆದವಳು ಮದುಮಗಳು. ನನ್ನನ್ನು ಕಂಡು ಮುಖ ಬಿಗಿದುಕೊಂಡಳು, ಆದರೂ ದಾರಿ ಬಿಟ್ಟಳು. ಪಡಸಾಲೆಯಲ್ಲಿ ಮಂಚದ ಮೇಲೆ ಆಯಿ ದಿಂಬಿಗೆ ಒರಗಿ ಕೂತಿದ್ದಳು. ಅರ್ಧಕ್ಕರ್ಧ ಇಳಿದುಹೋಗಿದ್ದಳು. ಉಸಿರು ಎಳೆದರೆ ಎದೆ ಸುಯ್ ಎನ್ನುತ್ತಿತ್ತು.

ನಾನು ನೆಲದ ಮೇಲೆ ಕೂತೆ. ಕುಡಿಯಲು ಕೊಟ್ಟ ನೀರನ್ನು ಪಕ್ಕಕ್ಕಿಟ್ಟು ಮೊದಲಿನಿಂದ ಹೇಳಿದೆ. ಮೆಟ್ಟಿಲು ಇಳಿದದ್ದು, ವಾಸ್ತು, ಕೀಲಿ, ಸಾಹೇಬರ ಮುಂದೆ ನಾನಾಡಿದ ಮಾತು, ಹೊಗೆಯೊಳಗೆ ಓಡಿದ ಹುಡುಗಿ, ವೈನಿ ಹೇಳಿದ್ದು. ಏನನ್ನೂ ಬಿಡಲಿಲ್ಲ. ಗಂಡನಿಗೆ ಆಡಿದ ಮಾತನ್ನೂ ಹೇಳಿದೆ. ಮದುಮಗಳು ಕಂಬಕ್ಕೆ ಒರಗಿ ಕೈಕಟ್ಟಿ ಕೇಳುತ್ತಿದ್ದಳು. ಕೊನೆಗೆ ಅವಳು ಕೈ ಬಿಚ್ಚಿ ಸೆರಗಿನಿಂದ ಮುಖ ಒರೆಸಿಕೊಂಡಳು. ಆಯಿ ಕಣ್ಣು ಮುಚ್ಚಿಕೊಂಡಿದ್ದಳು, ಮಲಗಿದ್ದಾಳೋ ಏನೋ ಎಂದುಕೊಂಡೆ.

“ನನಗ ಖರೇನ ಗೊತ್ತಿರಲಿಲ್ಲಬೇ ಆಯಿ. ನೀವರ ನನ್ನ ನಂಬ್ರಿ,” ಎಂದೆ.

ಅವಳು ಕಣ್ಣು ತೆರೆದಳು. ಮಾತಾಡಲು ಉಸಿರು ಕೂಡಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

“ನಂಬೀನವಾ,” ಎಂದಳು. “ಅವತ್ತೂ ನಂಬಿದ್ದೆ.”